ಮೂವತ್ತು ಟೇಕ್, ಒಂದೂ ಹಾಡಲ್ಲ

"ಪರವಾಗಿಲ್ಲ, ಹಾಡ್ತಾ ಹೋಗಿ. ಆಮೇಲೆ ಚೆನ್ನಾಗಿರೋದನ್ನ ಆರಿಸ್ಕೊಳ್ಳೋಣ." ಬೆಡ್‌ರೂಮಿನಲ್ಲಿ ಮೈಕ್ ಇಟ್ಟುಕೊಂಡು ಭಾವಗೀತೆ ರೆಕಾರ್ಡ್ ಮಾಡುವವರ ಬಾಯಲ್ಲಿ ಈಗ ಇದೇ ಮಾತು. ಹಾಡನ್ನು ಕೆಡಿಸುತ್ತಿರುವುದು ಈ "ಆಮೇಲೆ" ಅನ್ನೋದೇ ಅಂತ ನನ್ನ ತಕರಾರು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಸಾಫ್ಟ್‌ವೇರಿನಲ್ಲಿ ಹಾಡಿನ ಒಂದು ಭಾಗವನ್ನು ಲೂಪಿಗೆ ಹಾಕಿ ರೆಕಾರ್ಡ್ ಒತ್ತಿದರೆ ಸಾಕು, ಪ್ರತಿ ಸುತ್ತಿಗೂ ಒಂದು ಹೊಸ ಟೇಕ್ ಪೇರಿಸಿಕೊಳ್ಳುತ್ತಾ ಹೋಗುತ್ತದೆ. ಮೊದಲ ಸಾಲು ಮೂರನೇ ಟೇಕಿನದು, ಎರಡನೇ ಸಾಲು ಹದಿನೇಳರದು, ನಡುವಿನ ಒಂದು ಅಕ್ಷರ ಹನ್ನೊಂದರದು ಅಂತ ಮೌಸಿನಲ್ಲೇ ಎಳೆದು ಜೋಡಿಸಬಹುದು. ಇದಕ್ಕೆ ಕಾಂಪಿಂಗ್ ಅಂತಾರೆ. ಲಾಜಿಕ್ ಪ್ರೋದಲ್ಲಿ ಎಷ್ಟೋ ವರ್ಷಗಳಿಂದ ಇದೆ, ಏಬಲ್ಟನ್ ಲೈವ್‌ಗೂ 2021ರಲ್ಲಿ 11ನೇ ಆವೃತ್ತಿಯೊಂದಿಗೆ ಬಂತು.

"ಹಳೇ ಕಾಲವೇ ಚೆನ್ನಾಗಿತ್ತು" ಅನ್ನೋ ಗೋಳು ನನ್ನದಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ತಪ್ಪನ್ನು ತಿದ್ದೋಕೆ ದಾರಿಯೇ ಇರಲಿಲ್ಲ. ಆ ಕಷ್ಟ ಯಾರಿಗೂ ಬೇಡ. ಗಂಟಲು ಕೈಕೊಟ್ಟ ಕಡೆ ಇನ್ನೊಂದು ಟೇಕಿನ ತುಂಡು ಹಾಕುವುದು ಮೋಸವೂ ಅಲ್ಲ.

ವಾದಕ್ಕೆ ಬರುವವರು ಕೆನಡಾದ ಪಿಯಾನೋ ವಾದಕ ಗ್ಲೆನ್ ಗೌಲ್ಡ್ ಹೆಸರು ಎತ್ತುತ್ತಾರೆ. ಬಾಖ್ ರಚಿಸಿದ 'ವೆಲ್ ಟೆಂಪರ್ಡ್ ಕ್ಲೇವಿಯರ್' ಮೊದಲ ಸಂಪುಟದ ಎ ಮೈನರ್ ಫ್ಯೂಗಿನಲ್ಲಿ ಗೌಲ್ಡ್ 6 ಮತ್ತು 8ನೇ ಟೇಕುಗಳನ್ನು ಸೇರಿಸಿದ್ದು ನಿಜ, ಅದನ್ನು 1966ರ ಪ್ರಬಂಧದಲ್ಲಿ ಅವರೇ ಸಮರ್ಥಿಸಿಕೊಂಡಿದ್ದಾರೆ. ಸರಿ ಸ್ವಾಮಿ, ಆದ್ರೆ ಪೂರ್ತಿ ಕತೆ ಕೇಳಿ. ಎರಡೂ ಟೇಕುಗಳಲ್ಲಿ ನುಡಿಸಿದ್ದರಲ್ಲಿ ತಪ್ಪಿರಲಿಲ್ಲ. ಒಂದು ಗಂಭೀರ, ಇನ್ನೊಂದು ಚುರುಕು, ಆದರೆ ಎರಡೂ ಒಂದೇ ಭಾವದಲ್ಲಿ ಸಾಗಿ ಏಕತಾನ ಅನ್ನಿಸಿದವು. ಹಾಗಾಗಿ ಆದಿ ಅಂತ್ಯಕ್ಕೆ ಒಂದು, ನಡುವಿಗೆ ಇನ್ನೊಂದು. ಅವರು ಆರಿಸಿದ್ದು ಎರಡು ಅರ್ಥಗಳ ನಡುವೆ. ಹಾಡು ಬಾಯಿಪಾಠ ಆಗೋ ಮುಂಚೆಯೇ ರೆಕಾರ್ಡ್ ಒತ್ತುವ ನಾವು ಅವರ ಹೆಸರು ಹೇಳಬಾರದು.

ಸಾಲು ಸಾಲಾಗಿ ಹಾಡಿದಾಗ ಏನಾಗುತ್ತೆ? ಪ್ರತಿ ಸಾಲೂ ಹೊಸ ಉಸಿರಿನಿಂದ ಶುರುವಾಗುತ್ತೆ. ಪೂರ್ತಿ ಹಾಡುವವರು ಪಲ್ಲವಿಯಲ್ಲಿ ದನಿ ಹಿಡಿದಿಟ್ಟುಕೊಂಡು, ಕೊನೆಯ ಚರಣಕ್ಕೆ ಬಿಚ್ಚುತ್ತಾರೆ. ಅಂಟಿಸಿದ ಹಾಡಿನಲ್ಲಿ ಎಲ್ಲ ಸಾಲೂ ಒಂದೇ ಎತ್ತರ. ನಾವು ಹತ್ತು ಬ್ರಾಂಚಿನ ಕೋಡನ್ನು ಮರ್ಜ್ ಮಾಡ್ತೀವಿ, ಟೆಸ್ಟ್ ಪಾಸಾದರೆ ಮುಗೀತು. ಹಾಡಿಗೆ ಅಂಥ ಟೆಸ್ಟ್ ಇಲ್ಲ. ಶ್ರುತಿ ಸರಿ, ತಾಳ ಸರಿ, ಆದರೂ ಒಂದು ಸಾಲಿಗೆ ಇನ್ನೊಂದರ ಪರಿಚಯವೇ ಇರಲ್ಲ.

ಲೆಕ್ಕವನ್ನೂ ನೋಡಿ. 4 ನಿಮಿಷದ ಹಾಡಿಗೆ 30 ಟೇಕ್ ಅಂದ್ರೆ ಒಂದು ಸಲ ಕೇಳೋಕೇ 2 ಗಂಟೆ. ಅಷ್ಟರಲ್ಲಿ ಕಿವಿ ಸೋತು, ಶ್ರುತಿ ತಪ್ಪಿಲ್ಲ ಅನ್ನೋದೊಂದೇ ಅಳತೆಯಾಗಿ ಉಳಿಯುತ್ತೆ. ಹೆಚ್ಚಿನ ಸಲ ಆರಿಸುವವರು ಕಂಪ್ಯೂಟರ್ ಮುಂದೆ ಕೂತವರು, ಹಾಡಿದವರಲ್ಲ. ಯಾವ ಸಾಲಲ್ಲಿ ದುಃಖ ಇರಬೇಕು ಅನ್ನೋ ತೀರ್ಮಾನ ಗಾಯಕಿಯ ಕೈತಪ್ಪಿ ಹೋಗುತ್ತೆ. ನಾಳೆ ವೇದಿಕೆ ಮೇಲೆ ಅದೇ ಹಾಡು ಹಾಡಿ ಅಂದರೆ? ಅವರು ಅದನ್ನು ಒಮ್ಮೆಯೂ ಪೂರ್ತಿ ಹಾಡಿಯೇ ಇಲ್ಲ! ಕಷ್ಟಪಟ್ಟು ಕಲಿಯಲು ಸಿದ್ಧವಿರುವ ಹೊಸಬರಿಗೂ ನಾವೇ ಆ ಅವಕಾಶ ತಪ್ಪಿಸುತ್ತಿದ್ದೇವೆ.

ಹಾಗಾಗಿ ರೆಕಾರ್ಡ್ ಮಾಡಿಸುವವರಿಗೆ ನನ್ನ ಒತ್ತಾಯ ಇಷ್ಟೇ. ಮೊದಲು ಹಾಡು ಕಲಿಯೋಕೆ ಟೈಮ್ ಕೊಡಿ. ಆಮೇಲೆ ಪಲ್ಲವಿಯಿಂದ ಕೊನೆಯವರೆಗೆ ಮೂರೇ ಟೇಕ್ ತಗೊಳ್ಳಿ. ಹಾಡಿದವರನ್ನೇ ಕೂರಿಸಿಕೊಂಡು ಒಂದನ್ನು ಆರಿಸಿ, ತೀರಾ ಎಡವಿದ ಕಡೆ ಮಾತ್ರ ತೇಪೆ ಹಾಕಿ. ಮೂರರಲ್ಲಿ ಒಂದೂ ಸರಿ ಬರಲಿಲ್ವಾ? ಮೈಕ್ ಆಫ್ ಮಾಡಿ, ಇನ್ನೊಂದು ವಾರ ಅಭ್ಯಾಸ ಮಾಡಿ ಬನ್ನಿ ಅನ್ನಿ.