ಮೇಲ್ಸೇತುವೆ ಬಂತು, ಬಸ್ಸು ಎಲ್ಲಿ?

ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯ ಕಡೆಗೆ ಸಾಗುವ ಆರು ಪಥಗಳ ಮೇಲ್ಸೇತುವೆ 2025ರಲ್ಲಿ ಸಂಚಾರಕ್ಕೆ ತೆರೆದುದರಿಂದ, ಕಾಸರಗೋಡು ಪೇಟೆಯಲ್ಲಿ ಯಾವ ಕೆಲಸವೂ ಇಲ್ಲದ ದೂರಪ್ರಯಾಣದ ಲಾರಿ, ಟ್ಯಾಂಕರುಗಳಿಗೆ ಪೇಟೆಯೊಳಗೆ ಇಳಿಯದೆ ಹೋಗುವ ದಾರಿಯಾಗಿದೆ. ಇದರಿಂದ ಸಮಯ ಉಳಿಯಿತೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಉಳಿಯಬೇಕಾದ ಇನ್ನೊಂದು ವಸ್ತು ಗಾಳಿ. ಅದರ ಬಗ್ಗೆ ಮಾತನಾಡುವವರು ಕಡಿಮೆ.

ನಿಂತಲ್ಲೇ ಗುರುಗುಟ್ಟುವ ಎಂಜಿನು ಒಂದು ಗಜ ಮುಂದೆ ಹೋಗದಿದ್ದರೂ ಇಂಧನವನ್ನು ಕುಡಿಯುತ್ತಲೇ ಇರುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ, ಪೆಟ್ರೋಲಾದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆ. ಅದರೊಂದಿಗೆ ಮಸಿ, ಸಾರಜನಕದ ಆಕ್ಸೈಡುಗಳು, ಬ್ರೇಕು ಮತ್ತು ಟಯರು ಸವೆದ ಧೂಳು. ಇದನ್ನು ಮೊದಲು ಉಸಿರಾಡುವವರು ಗಾಜು ಏರಿಸಿದ ಕಾರಿನಲ್ಲಿ ಕುಳಿತವರಲ್ಲ. ಚೌಕದಲ್ಲಿ ನಿಂತ ಪೊಲೀಸ್ ಪೇದೆ, ರಿಕ್ಷಾ ಚಾಲಕ, ರಸ್ತೆ ಬದಿಯಲ್ಲಿ ಮೀನು ಮಾರುವ ಹೆಂಗಸು, ಬಸ್ಸು ಕಾಯುವ ಶಾಲಾ ಮಕ್ಕಳು.

ಆದರೆ ಸೇತುವೆಯೊಂದರಿಂದಲೇ ಈ ಪೀಡೆ ತೊಲಗೀತೆಂದು ನಂಬುವುದು ಸರಿಯಲ್ಲ. ಬೆಂಗಳೂರಿನಲ್ಲಿ ಒಂದರ ಹಿಂದೊಂದು ಮೇಲ್ಸೇತುವೆಗಳು ಎದ್ದವು. ದಾರಿ ತುಸು ಸಡಿಲವಾದೊಡನೆ ಮನೆಯಲ್ಲಿದ್ದ ವಾಹನಗಳೂ ಬೀದಿಗಿಳಿದು ಹೊಸ ಜಾಗವನ್ನು ತುಂಬಿದವು. 2011ರಲ್ಲಿ ಮೆಟ್ರೋ ರೈಲು ಆರಂಭವಾಗುವ ಹೊತ್ತಿಗೆ ಬಹಳ ತಡವಾಗಿತ್ತು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ ಬೇರೆ ಹಾದಿ ಹಿಡಿಯಿತು. ಅಲ್ಲಿ 2006ರಲ್ಲಿ ನಗರದ ನಡುಭಾಗವನ್ನು ಪ್ರವೇಶಿಸುವ ವಾಹನಗಳಿಗೆ ಪ್ರಾಯೋಗಿಕವಾಗಿ ಸುಂಕ ವಿಧಿಸಿ, ಜೊತೆಗೆ ಬಸ್ಸುಗಳನ್ನು ಹೆಚ್ಚಿಸಿದಾಗ ವಾಹನ ಸಂಚಾರ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಸುಂಕದ ಹೆಸರೆತ್ತಿದರೆ ನಮ್ಮವರು ಬೆಚ್ಚಿಬೀಳುವುದು ಸಹಜ. ನಾವು ಅದನ್ನು ಇಲ್ಲಿ ಕೇಳುತ್ತಿಲ್ಲ. ಬಸ್ಸನ್ನು ಮಾತ್ರ ಕೇಳುತ್ತಿದ್ದೇವೆ.

ಐವತ್ತು ಮಂದಿಯನ್ನು ಒಯ್ಯುವ ಒಂದು ಬಸ್ಸು ಎಷ್ಟು ಬೈಕು, ಕಾರುಗಳನ್ನು ರಸ್ತೆಯಿಂದ ದೂರವಿರಿಸುತ್ತದೆಂದು ಲೆಕ್ಕ ಹಾಕಲು ಪಂಡಿತರು ಬೇಕಾಗಿಲ್ಲ. ಕಾಸರಗೋಡು–ಮಂಗಳೂರು ನಡುವೆ ಉಭಯ ರಾಜ್ಯಗಳ ಬಸ್ಸುಗಳಿವೆ, ನಿಜ. ಆದರೆ ಮಂಗಳೂರಿನ ಕಾಲೇಜು, ಆಸ್ಪತ್ರೆಗಳಿಂದ ಹಿಂತಿರುಗುವ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಕತ್ತಲಾದ ಮೇಲೆ ಊರು ಸೇರುವ ಪಾಡು ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ. ಕೊನೆಯ ಬಸ್ಸು ತಪ್ಪಿಸಿಕೊಂಡ ಹುಡುಗ ಮರುತಿಂಗಳೇ ಸಾಲಮಾಡಿ ಬೈಕು ಕೊಳ್ಳುತ್ತಾನೆ. ತಪ್ಪು ಅವನದೆ?

ಸರ್ವಿಸ್ ರಸ್ತೆಗಳ ತಿರುವುಗಳಲ್ಲಿ ಊರ ಹೆಸರುಗಳನ್ನು ಕನ್ನಡದಲ್ಲಿಯೂ ಬರೆಸಿದರೆ, ದಾರಿ ತಪ್ಪಿ ಮೈಲುಗಟ್ಟಲೆ ಸುತ್ತುವ ನಮ್ಮ ಹಿರಿಯರ ಪೆಟ್ರೋಲೂ ಉಳಿದೀತು. ಹೆದ್ದಾರಿಗಾಗಿ ಕಡಿದ ಮರಗಳ ಸ್ಥಾನದಲ್ಲಿ ನೆರಳು ಕೊಡುವ ಮರಗಳನ್ನು ನೆಟ್ಟು, ಬೇಸಗೆಯಲ್ಲಿ ನೀರೆರೆಯುವ ಹೊಣೆ ಯಾರದೆಂಬುದು ಈಗಲೇ ನಿಶ್ಚಯವಾಗಬೇಕು. ಅದಕ್ಕೂ ಮೊದಲು, ರಾತ್ರಿ ಎಂಟರ ಬಳಿಕ ಒಳನಾಡಿಗೆ ಒಂದೆರಡು ಬಸ್ಸುಗಳನ್ನಾದರೂ ಓಡಿಸುವ ಬಗ್ಗೆ ಸಾರಿಗೆ ಇಲಾಖೆಯವರು ಮುಂಗಾರಿಗೆ ಮುಂಚೆಯೇ ತೀರ್ಮಾನಿಸಲಿ.