ಶಾಲೆಯ ಚೀಟಿ, ಓದಲಾಗದ ತಾಯಿ

ಅಂಬತ್ತೂರಿನ ನಮ್ಮ ಬೀದಿಯಲ್ಲಿ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಹೆಂಗಸು ತಾಳವಾಡಿ ಕಡೆಯವರು. ತಮಿಳನ್ನು ನನಗಿಂತ ಚೆನ್ನಾಗಿ ಮಾತನಾಡುತ್ತಾರೆ, ಓದಲು ಬಾರದು. ಊರಿನಲ್ಲಿ ಕಲಿತ ನಾಲ್ಕು ತರಗತಿಯೂ ಕನ್ನಡದಲ್ಲಿ. ಒಂದು ಸಂಜೆ, ಮಗಳ ಸರ್ಕಾರಿ ಶಾಲೆಯಿಂದ ಬಂದ ಚೀಟಿಯೊಂದನ್ನು ಎಲ್ಲಿ ಸಹಿ ಹಾಕಬೇಕೆಂದು ಕೇಳಲು ತಂದರು. ಶಾಲಾ ನಿರ್ವಹಣಾ ಸಮಿತಿಯ ಸಭೆಗೆ ಪೋಷಕರನ್ನು ಕರೆದಿದ್ದ ಚೀಟಿ ಅದು. ಸಭೆ ನಡೆದು ಮೂರು ದಿನವಾಗಿತ್ತು. ಮಗಳು ಓದಿ ಹೇಳಲಿಲ್ಲವೇ ಎಂದೆ. ಹೇಳಿದ್ದಳಂತೆ. "ಮೀಟಿಂಗು ಓದಿದೋರಿಗೆ ಅಂದ್ಕೊಂಡೆ" ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅವಕಾಶವಂಚಿತ ಮಕ್ಕಳ ಪೋಷಕರಿಗೂ ಅಲ್ಲಿ ಪ್ರಮಾಣಾನುಗುಣ ಸ್ಥಾನವಿದೆ. ಆ ವಂಚನೆಗೆ ಕಾರಣವಾಗಬಲ್ಲ ಸಂಗತಿಗಳ ಪಟ್ಟಿಯಲ್ಲಿ ಭಾಷೆಯನ್ನೂ ಕಾಯ್ದೆ ಹೆಸರಿಸಿದೆ, ಸರ್ಕಾರ ಅಧಿಸೂಚನೆ ಹೊರಡಿಸಬೇಕು ಅಷ್ಟೆ. ಅಂದರೆ ಆ ಸಭೆ ಯಾರಿಗಾಗಿ ಏರ್ಪಟ್ಟಿತ್ತೋ ಅವರೇ ಅದು ತಮ್ಮದಲ್ಲವೆಂದು ಮನೆಯಲ್ಲಿ ಉಳಿದರು. ತಮಿಳುನಾಡಿನಲ್ಲಿ 2022ರಲ್ಲಿ ಈ ಸಮಿತಿಗಳನ್ನು ಹೊಸದಾಗಿ ರಚಿಸಿದರು, ಉತ್ಸಾಹವೂ ಇತ್ತು. ಆದರೆ ಚೀಟಿಯ ಭಾಷೆ ಮಾತ್ರ ಕಚೇರಿಯ ಸುತ್ತೋಲೆಯದೇ.

ಹಾಗೆಂದು ಅಂಬತ್ತೂರಿನಲ್ಲಿ ಕನ್ನಡದ ಚೀಟಿ ಬೇಕೆಂದು ನಾನು ಹಟ ಹಿಡಿಯಲಾರೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆಂದು ಕೇಂದ್ರ ಸರ್ಕಾರ 1956ರಲ್ಲಿ ಹೊರಡಿಸಿದ ಟಿಪ್ಪಣಿಯು, ಒಂದು ಪ್ರದೇಶದ ಜನರಲ್ಲಿ ಶೇಕಡಾ 15ರಿಂದ 20ರಷ್ಟು ಮಂದಿ ಆ ಭಾಷೆಯವರಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಕೊಡುವುದು ಒಳಿತೆನ್ನುತ್ತದೆ. ತಾಳವಾಡಿಗೆ, ಹೊಸೂರಿನ ಕೆಲವು ಹಳ್ಳಿಗಳಿಗೆ ಅದು ಆಧಾರವಾದೀತು. ಕೈಗಾರಿಕಾ ವಸಾಹತನ್ನು ನಂಬಿ ಹತ್ತು ಕಡೆಯಿಂದ ಬಂದವರು ಚದುರಿ ಬಾಳುವ ಈ ಊರಿನಲ್ಲಿ ನಾವು ಯಾವ ಲೆಕ್ಕಕ್ಕೂ ಸಿಗುವವರಲ್ಲ. ಬಿಹಾರ, ಒಡಿಶಾಗಳಿಂದ ಬಂದ ತಾಯಂದಿರ ಪಾಡಂತೂ ಇನ್ನೂ ಕಷ್ಟ. ಅವರಿಗೆ ಆಡುವ ತಮಿಳೂ ಅಷ್ಟಕ್ಕಷ್ಟೆ.

ನನ್ನ ವಾದ ಬೇರೆ. ಶಾಲೆ ಚೀಟಿ ಕಳಿಸುವುದನ್ನೇ ಸಂವಹನವೆಂದು ತಿಳಿದಿದೆ. ಸಹಿ ಬಂದರೆ ವಿಷಯ ಮುಟ್ಟಿತೆಂದು ದಾಖಲೆ. ಈ ಭ್ರಮೆಯ ದೊಡ್ಡ ರೂಪವನ್ನು ಗಡಿನಾಡು ಕಂಡಿದೆ. ತಮಿಳು ಕಲಿಕೆಯನ್ನು ಕಡ್ಡಾಯಗೊಳಿಸಿದ 2006ರ ಕಾಯ್ದೆ ಒಂದನೇ ತರಗತಿಯಿಂದ ಹಂತಹಂತವಾಗಿ ಮೇಲೇರಿತು. ಮೊದಲ ತಂಡ ಹತ್ತನೇ ತರಗತಿಯ ಪರೀಕ್ಷೆಗೆ ಬಂದ 2016ರಲ್ಲಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳು ಮದ್ರಾಸ್ ಹೈಕೋರ್ಟಿನಿಂದ ವಿನಾಯಿತಿ ಪಡೆಯಬೇಕಾಯಿತು. ತಮಿಳು ಕಲಿಸಲು ಶಿಕ್ಷಕರೇ ಸಾಲದೆಂಬುದು ಆ ಶಾಲೆಗಳ ಅಳಲು. ಹತ್ತು ವರ್ಷ ಆದೇಶ ಕೆಳಗಿಳಿಯಿತು, ಅಳಲು ಮಾತ್ರ ಮೇಲೇರಲಿಲ್ಲ.

ನಮ್ಮ ತಪ್ಪೂ ಇದೆ. ಚೆನ್ನೈನ ಓದುಬರಹದ ಕನ್ನಡಿಗರಲ್ಲಿ ಹೆಚ್ಚಿನವರು ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿ, ರಾಜ್ಯೋತ್ಸವದ ದಿನ ಭಾಷೆಯ ಬಗ್ಗೆ ಕಣ್ಣೀರಿಡುತ್ತೇವೆ. ಸರ್ಕಾರಿ ಶಾಲೆಯ ಗೇಟು ದಾಟಿದವರೆಷ್ಟು? ನಾನಂತೂ ದಾಟಿರಲಿಲ್ಲ.

ಮುಂದಿನ ಸಭೆಗೆ ಜೊತೆಗೆ ಬರುತ್ತೇನೆಂದು ಆಕೆಗೆ ಹೇಳಿದ್ದೇನೆ. ಸಂಜೆ ಆರರ ಮೇಲಿಟ್ಟರೆ ಬರಬಹುದು, ಹಗಲು ಗಾಡಿ ಬಿಟ್ಟು ಬರಲಾಗದು ಎಂದರು. ಅದನ್ನು ಶಾಲೆಗೆ ತಿಳಿಸಲು ನಾಳೆ ಹೋಗಬೇಕು.