ವಾಗ್ದಾನವೂ ವಾಯಿದೆಯೂ

ಡಿಸೆಂಬರ್ 31ರ ರಾತ್ರಿ ಹೈದರಾಬಾದು, ಸಿಕಂದರಾಬಾದುಗಳ ಚರ್ಚುಗಳಲ್ಲಿ ಹಳೆಯ ವರ್ಷವನ್ನು ಬೀಳ್ಕೊಡುವ ಆರಾಧನೆ ನಡೆಯುತ್ತದೆ. ಅನೇಕ ಸಭೆಗಳಲ್ಲಿ ಆಗ ವಾಗ್ದಾನದ ಚೀಟಿಗಳನ್ನು ಹಂಚುವ ವಾಡಿಕೆಯುಂಟು. ಒಂದೊಂದು ಚೀಟಿಯಲ್ಲಿ ಬೈಬಲಿನ ಒಂದೊಂದು ವಚನ. ಹಿರಿಯರು, ಮಕ್ಕಳು ಎಲ್ಲರೂ ಒಂದೊಂದನ್ನು ತೆಗೆದುಕೊಂಡು, ಬರುವ ವರ್ಷಕ್ಕೆ ದೇವರು ತಮಗೆ ಕೊಟ್ಟ ಮಾತು ಇದೆಂದು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಕನ್ನಡ ಆರಾಧನೆ ಹತ್ತಿರದಲ್ಲಿ ದೊರೆಯದೆ ತೆಲುಗು ಸಭೆಗೆ ಹೋಗುವ ನಮ್ಮ ಕ್ರೈಸ್ತ ಬಂಧುಗಳಿಗೂ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಾಗ್ದಾನವೆಂಬ ಶಬ್ದ ಎರಡು ಭಾಷೆಗಳಿಗೂ ಒಂದೇ.

ಚೀಟಿ ತೆಗೆಯುವುದು ಸುಲಭ. ಅದನ್ನು ನೆಚ್ಚಿ ವರ್ಷವನ್ನು ಕಳೆಯುವುದು ಅಷ್ಟು ಸುಲಭವಲ್ಲ. ಆರೋಗ್ಯದ ವಚನ ಬಂದ ಮನೆಗೆ ಯುಗಾದಿಯೊಳಗೇ ಕಾಯಿಲೆ ಬರಬಹುದು. ಸಮೃದ್ಧಿಯ ವಚನ ಬಂದವರ ಕೆಲಸ ಹೋಗಬಹುದು. ಆಗ ಏನೆನ್ನಬೇಕು? ದೇವರು ಮಾತಿಗೆ ತಪ್ಪಿದನೆ? ಅಥವಾ, ಕೆಲವರು ಹೇಳುವಂತೆ, ಆ ಮನೆಯವರ ನಂಬಿಕೆಯೇ ಸಾಲದಾಯಿತೆ? ಈ ಎರಡನೆಯ ಮಾತಂತೂ ಹಾಸಿಗೆ ಹಿಡಿದವರ ಪಕ್ಕದಲ್ಲಿ ಕುಳಿತು ಆಡತಕ್ಕದ್ದಲ್ಲ. ನೊಂದವರ ತಲೆಯ ಮೇಲೆ ಅಪರಾಧದ ಹೊರೆಯನ್ನೂ ಹೊರಿಸಿದಂತಾಗುತ್ತದೆ.

ಇಂಥ ಚೀಟಿಗಳಲ್ಲಿಯೂ ಗೋಡೆಯ ಕ್ಯಾಲೆಂಡರುಗಳಲ್ಲಿಯೂ ಬಹಳವಾಗಿ ಕಾಣುವ ವಚನವೊಂದು ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದಲ್ಲಿದೆ. ದೇವರು ತನ್ನ ಜನರಿಗಾಗಿ ಯೋಚಿಸುವುದು ಕೇಡನ್ನಲ್ಲ, ಹಿತವನ್ನೇ ಎಂಬುದು ಅದರ ತಾತ್ಪರ್ಯ. ಆದರೆ ಅದು ಬಿಡಿ ಮಾತಲ್ಲ, ಒಂದು ಕಾಗದದ ನಡುವಿನ ಮಾತು. ಆ ಕಾಗದ ಹೋದದ್ದು ಊರು ಬಿಟ್ಟವರಿಗೆ. ನಮ್ಮಂತೆ ಉದ್ಯೋಗಕ್ಕಾಗಿ ಬಿಟ್ಟವರಿಗಲ್ಲ, ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯೊಯ್ದ ಜನರಿಗೆ.

ಅವರಿಗೆ ಪ್ರವಾದಿ ಬರೆದದ್ದೇನು? ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿ ಫಲ ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ನಿಮ್ಮನ್ನು ಒಯ್ದಿಟ್ಟ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲಿ ನಿಮ್ಮ ಕ್ಷೇಮವೂ ಇದೆ ಎಂದು. ಹಿಂದಿರುಗಿ ಬರುವ ಮಾತೂ ಇತ್ತು, ಆದರೆ ವಾಯಿದೆ 70 ವರ್ಷ. ಕಾಗದವನ್ನು ಓದಿಸಿಕೊಂಡು ಕೇಳಿದ ನಲವತ್ತು ವರ್ಷದ ಗೃಹಸ್ಥನು ತನ್ನ ಎಲುಬು ಬಾಬೆಲಿನಲ್ಲಿಯೇ ಉಳಿಯುವುದೆಂದು ಆಗಲೇ ತಿಳಿದಿರಬೇಕು. ಅವನ ನಂಬಿಕೆ ಸಾಲದೆ ಹಾಗಾಯಿತೆಂದು ಹೇಳಲಾದೀತೆ? ವಾಗ್ದಾನ ಅವನೊಬ್ಬನದಲ್ಲ, ಅವನ ಮೊಮ್ಮಕ್ಕಳದೂ ಆಗಿತ್ತು. ಕ್ರಿ.ಪೂ. 538ರ ಸುಮಾರಿಗೆ ಪಾರಸಿಯ ಅರಸ ಕೋರೆಷನು ಅಪ್ಪಣೆ ಕೊಟ್ಟ ಮೇಲೆ ಊರ ದಾರಿ ಹಿಡಿದವರಲ್ಲಿ ಬಹುಮಂದಿ ಅಲ್ಲಿಯೇ ಹುಟ್ಟಿದವರು.

ಆ ಕಾಲದಲ್ಲಿ ಇನ್ನೊಂದು ವಾಗ್ದಾನವೂ ಪ್ರಚಾರದಲ್ಲಿತ್ತು. ಹನನ್ಯನೆಂಬುವನು ಎರಡೇ ವರ್ಷದಲ್ಲಿ ಎಲ್ಲರೂ ಹಿಂದಿರುಗುವರೆಂದು ದೇವಾಲಯದಲ್ಲಿ ನಿಂತು ಸಾರಿದನು. ಕೇಳುವವರಿಗೆ ಎಷ್ಟು ಹಿತವಾಗಿದ್ದಿರಬೇಕು! ಯೆರೆಮೀಯನೂ ಮೊದಲು, ದೇವರು ಹಾಗೆಯೇ ಮಾಡಲಿ ಎಂದನು. ಅವನಿಗೂ ಜನರ ಸಂಕಟದಲ್ಲಿ ಸಂತೋಷವಿರಲಿಲ್ಲ. ಆದರೆ ಎರಡು ವರ್ಷದ ಮಾತು ಸುಳ್ಳಾಯಿತು, ಎಪ್ಪತ್ತು ವರ್ಷದ ಮಾತು ನಿಂತಿತು. ವಾಯಿದೆ ಹತ್ತಿರವಾದಷ್ಟೂ ವಾಗ್ದಾನ ಸತ್ಯವೆಂದು ಎಣಿಸುವ ನಮ್ಮ ಆತುರಕ್ಕೆ ಇದೊಂದು ಪಾಠ.

ಕ್ರಿಸ್ತನ ಚರಿತ್ರೆಯಲ್ಲಿಯೂ ಇದೇ ಎಚ್ಚರಿಕೆ ಇದೆ. ಅಡವಿಯಲ್ಲಿ ಸೈತಾನನು ಅವನ ಮುಂದೆ ಹಿಡಿದದ್ದು ಕೀರ್ತನೆಯೊಳಗಿನ ವಾಗ್ದಾನವನ್ನೇ: ದೇವಾಲಯದ ಶಿಖರದಿಂದ ಧುಮುಕು, ದೂತರು ಎತ್ತಿಕೊಳ್ಳುವರು ಎಂದು. ವಚನ ಸುಳ್ಳಲ್ಲ; ಅದನ್ನು ದೇವರನ್ನು ಪರೀಕ್ಷಿಸುವ ಸಾಧನವಾಗಿ ಮಾಡಿಕೊಳ್ಳುವುದು ತಪ್ಪು. ಅವನು ಧುಮುಕಲಿಲ್ಲ. ಮುಂದೆ ಶಿಲುಬೆಯ ಮೇಲೆಯೂ ಇಳಿದು ತೋರಿಸಲಿಲ್ಲ. ದೇವರ ವಾಗ್ದಾನಗಳಿಗೆಲ್ಲ ಕ್ರಿಸ್ತನೇ ಹೌದೆಂಬ ಉತ್ತರವೆಂದು ನಂಬುವವರು ಈ ದಾರಿಯನ್ನೂ ನೆನಪಿನಲ್ಲಿಡಬೇಕು.

ಹಾಗಾದರೆ ನಂಬುವುದೆಂದರೆ ಕೈಕಟ್ಟಿ ಕಾಯುವುದೆ? ಅಲ್ಲ. ಯೆರೂಸಲೇಮಿಗೆ ಮುತ್ತಿಗೆ ಬಿದ್ದು ತಾನೂ ಕಾವಲಿನಲ್ಲಿದ್ದಾಗ ಯೆರೆಮೀಯನು ಅನಾತೋತಿನಲ್ಲಿ ದಾಯಾದಿಯ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡನು. ಸಾಕ್ಷಿಗಳ ಸಮಕ್ಷಮ ಕ್ರಯಪತ್ರವಾಯಿತು. ಪತ್ರ ಬಹುಕಾಲ ಕೆಡದಿರಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಶತ್ರುವಿನ ಕೈಗೆ ಹೋಗಲಿರುವ ಹೊಲಕ್ಕೆ ಯಾರು ಹಣ ಕೊಟ್ಟಾರು! ಈ ನೆಲದಲ್ಲಿ ಮತ್ತೆ ಹೊಲಮನೆಗಳ ಕ್ರಯವಿಕ್ರಯ ನಡೆಯುವುದೆಂದು ನಂಬಿದವನು ಮಾತ್ರ. ಆ ಬೆಳೆಯನ್ನು ಅವನು ಉಣ್ಣಲಿಲ್ಲ; ಕೊನೆಗೆ ಜನ ಅವನನ್ನು ಐಗುಪ್ತಕ್ಕೆ ಒಯ್ದರು.

ಇಂಥ ನಂಬಿಕೆಯ ಗುರುತು ನಮ್ಮ ಹತ್ತಿರವೂ ಇದೆ. ಹೈದರಾಬಾದಿನಿಂದ ಸುಮಾರು 100 ಕಿಲೋಮೀಟರು ದೂರದ ಮೆದಕಿನ ದೊಡ್ಡ ಚರ್ಚನ್ನು ಅನೇಕರು ನೋಡಿರಬಹುದು. ಬೀದರ, ಮೆದಕು ಎರಡೂ ಒಂದೇ ನಿಜಾಮ ಸಂಸ್ಥಾನದಲ್ಲಿದ್ದ ಕಾಲವದು. ಮಹಾಯುದ್ಧ ಆರಂಭವಾದ 1914ರಲ್ಲಿಯೇ ಕೆಲಸ ತೊಡಗಿತು. ಬರಗಾಲ ಬಂದಾಗ ಪಾದ್ರಿ ಚಾರ್ಲ್ಸ್ ವಾಕರ್ ಪಾಸ್ನೆಟ್ಟರು ಹಸಿದವರಿಗೆ ಕಟ್ಟಡದ ಕೆಲಸ ಕೊಟ್ಟು ಅನ್ನ ಕಾಣಿಸಿದರು. ಪ್ರತಿಷ್ಠೆಯಾದದ್ದು 1924ರ ಡಿಸೆಂಬರ್ 25ರಂದು. ದೇವರು ಹಸಿದವರನ್ನು ಕೈಬಿಡನೆಂಬ ಮಾತು ಆ ಬಡವರಿಗೆ ತಿಳಿದದ್ದು ತಟ್ಟೆಗೆ ಬಿದ್ದ ಅನ್ನದಿಂದ.

ಕನ್ನಡಿಗರಾದ ನಾವು ಕಿಟ್ಟೆಲರನ್ನೂ ನೆನೆಯಬೇಕು. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನಿಂದ 1853ರಲ್ಲಿ ಕನ್ನಡ ನಾಡಿಗೆ ಬಂದ ಆ ಪರದೇಶಿಯ ಶಬ್ದಕೋಶ ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ, ಅಂದರೆ 41 ವರ್ಷಗಳ ಮೇಲೆ. ಬಂದ ಊರಿನ ಕ್ಷೇಮವನ್ನು ಬಯಸಿರೆಂಬ ಆ ಹಳೆಯ ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವುಂಟೆ?

ಆದುದರಿಂದ ಕ್ರೈಸ್ತ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ವಚನ ಬಂದಾಗ ಅದರ ಹಿಂದುಮುಂದಿನ ಅಧ್ಯಾಯವನ್ನೂ ಮಕ್ಕಳೊಡನೆ ಕುಳಿತು ಓದಿರಿ. ಕಾಯಿಲೆಯ ಮನೆಗೆ ಹೋದಾಗ ನಂಬಿಕೆಯನ್ನು ತೂಕ ಮಾಡದೆ, ಒಂದು ಗಂಟೆ ಜೊತೆಗೆ ಕುಳಿತು, ಔಷಧಿಗೋ ಅಡಿಗೆಗೋ ನೆರವಾಗಿರಿ. ನೆರೆಯ ತೆಲುಗರ, ಉರ್ದು ಮಾತಾಡುವವರ ಕ್ಷೇಮಕ್ಕಾಗಿಯೂ ಸಂಜೆಯ ಪ್ರಾರ್ಥನೆಯಲ್ಲಿ ಒಂದು ಮಾತು ಇರಲಿ. ಅನ್ಯಮತದ ವಾಚಕರಿಗೂ ಇದು ಹೊರಗಿನ ಮಾತಲ್ಲವೆಂದು ನಂಬಿದ್ದೇವೆ. ವಾಯಿದೆ ದೇವರದು, ಇಂದಿನ ಕೆಲಸ ನಮ್ಮದು.